ಬಾಯಲ್ಲಿ ಹಿಡಿದ ನೀರು

ನನ್ನ ಮಗಳು ನನ್ನ ಜೊತೆ ಅಚ್ಚು ಹಾಕಿದಂಥ ಕನ್ನಡ ಮಾತಾಡುತ್ತಾಳೆ. "ಅಪ್ಪಾಜಿ, ಊಟವಾಯಿತೇ? ಮಾತ್ರೆ ತೆಗೆದುಕೊಂಡಿರಾ?" ಎಂದು ಕೇಳುತ್ತಾಳೆ. ಕೇಳಿದವರು ಎಂಥ ಸಂಸ್ಕಾರ ಕೊಟ್ಟಿದ್ದೀರಿ ಎಂದು ನನ್ನನ್ನು ಹೊಗಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಆ ಕನ್ನಡ ಅವಳ ಬಾಯಿಗೆ ಹೇಗೆ ಬಂತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೆ ಅರ್ಧ ಗೊತ್ತಿತ್ತು, ನನ್ನ ತಾಯಿಗೆ ಪೂರ್ತಿ ಗೊತ್ತಿತ್ತು. ಇಬ್ಬರೂ ಈಗಿಲ್ಲ. ಮಗಳಿಗೆ ನೆನಪಿದೆಯೋ ಇಲ್ಲವೋ ಕೇಳುವ ಧೈರ್ಯ ನನಗೆ ಬಂದಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ನಾನು ಮಸೂತಿಯವನು. ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ಮುಗಿಸಿ ಸಿಂದಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಬಂದ ಕಾಗದವನ್ನು ಆವಕ ಪುಸ್ತಕದಲ್ಲಿ, ಹೋಗುವ ಕಾಗದವನ್ನು ಜಾವಕ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ಚೆನ್ನಾಗಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಎರಡನೆಯ ವರ್ಷ ಮೈಸೂರು ಕಡೆಯ ಒಬ್ಬ ಸಾಹೇಬರು ವರ್ಗವಾಗಿ ಬಂದರು. ಒಂದು ದಿನ ಯಾರೋ ದೊಡ್ಡವರ ಎದುರಿಗೆ ನನ್ನನ್ನು ಕರೆದು, ಒಂದು ಕಾಗದ ಎಲ್ಲಿದೆ ಎಂದು ಕೇಳಿದರು. ನಾನು ಹೇಳಿದೆ:

"ಮ್ಯಾಲಿನ ಖಣದಾಗ ಐತ್ರಿ ಸಾಹೇಬ್ರ. ತಗದ ಕೊಡ್ಲ್ಯಾ?"

ಸಾಹೇಬರು ಕುರ್ಚಿಗೆ ಒರಗಿ ಬಂದವರ ಕಡೆ ನೋಡಿದರು. "ಐತ್ರಿ. ತಗದ ಕೊಡ್ಲ್ಯಾ. ಕೇಳಿದ್ರಾ? ಇವರು ಮಾತಾಡ್ತಿದಾರೋ ಜಗಳಕ್ಕೆ ಬಂದಿದಾರೋ ನನಗೆ ಇನ್ನೂ ಗೊತ್ತಾಗಿಲ್ಲ."

ಎಲ್ಲರೂ ನಕ್ಕರು. ನನ್ನ ಹಾಗೆಯೇ ಮಾತಾಡುವ ನಮ್ಮ ಕಚೇರಿಯ ಜನರೂ ನಕ್ಕರು. ನಾನೂ ನಕ್ಕೆ. ಅಲ್ಲಿಂದ ಮುಂದೆ ನಾನು ಸಿಂದಗಿ ಬಿಡುವ ತನಕ ಅವರು ನನ್ನನ್ನು ಹೆಸರಿನಿಂದ ಕರೆಯಲಿಲ್ಲ. "ಏ ಐತ್ರಿ, ಬಾರಯ್ಯ ಇಲ್ಲಿ" ಎಂದೇ ಕರೆದರು. ಅವರು ಕೆಟ್ಟವರಾಗಿರಲಿಲ್ಲ. ಅವರಿಗೆ ಅದೊಂದು ತಮಾಷೆ. ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ನಾಲ್ಕು ವರ್ಷದ ಕೂಸಿನ ಮೇಲೆ ಇಳಿಸಿದವನು ನಾನು.

ರಾಜ್ಯದ ಹೆಸರು ಬದಲಾಗಿ ಒಂದೆರಡು ವರ್ಷವಾಗಿತ್ತು. ಅಷ್ಟರಲ್ಲಿ ನನಗೆ ಇಂಡಿಗೆ ವರ್ಗವಾಗಿತ್ತು. ಮನೆಯಲ್ಲಿ ನಾನು, ಹೆಂಡತಿ, ನನ್ನ ತಾಯಿ, ಮತ್ತು ಮಗಳು. ಮಗಳು ಬೆಳಗಿನಿಂದ ಸಂಜೆಯ ತನಕ ಮಾತಾಡುತ್ತಿದ್ದಳು. ಬೆಕ್ಕಿನ ಜೊತೆ, ಒಲೆಯ ಜೊತೆ, ಕೇಳುವವರು ಯಾರೂ ಇಲ್ಲದಿದ್ದರೆ ತನ್ನ ಕಾಲುಗಳ ಜೊತೆ. ಆ ಮಾತೆಲ್ಲ ನನ್ನ ತಾಯಿಯಿಂದ ಬಂದದ್ದು. ಮಗಳು ತನ್ನ ಆಯಿಯ, ಎಂದರೆ ಅಜ್ಜಿಯ, ಬಗಲಲ್ಲೇ ಬೆಳೆದಿದ್ದಳು.

ಒಮ್ಮೆ ಗೋಡೆಗೆ ನಿಲ್ಲಿಸಿದ ನನ್ನ ಸೈಕಲನ್ನು ನೋಡಿ ಹೇಳಿದಳು: "ಯಪ್ಪಾ, ನಿನ್ನ ಸೈಕಲ್ ನಿಂತಲ್ಲೇ ನಿದ್ದಿ ಮಾಡಾಕತ್ತೈತಿ ನೋಡ. ಪಾಪ, ಮಲಗಸ ಅದನ್ನ."

ನಾನು ನಕ್ಕು ಸೈಕಲನ್ನು ಮಲಗಿಸಿದ್ದೆ. ಅವಳು ನನಗೆ ಹಾಗೆ ಹೇಳಿದ ಮಾತುಗಳಲ್ಲಿ ನನಗೆ ಪೂರ್ತಿಯಾಗಿ ನೆನಪಿರುವುದು ಇದೊಂದೇ. ಉಳಿದವನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಆ ವರ್ಷ ಊರಿನ ಕೆಲವು ಹೆಂಗಸರು ಸೇರಿ ಚಿಕ್ಕ ಮಕ್ಕಳಿಗೆ ಬಾಲವಾಡಿ ತೆರೆಯುತ್ತಾರೆ ಎಂಬ ಸುದ್ದಿ ಬಂತು. ಮೈಸೂರು ಕಡೆಯ ಒಬ್ಬ ಅಧಿಕಾರಿಯ ಹೆಂಡತಿ ಅದರ ಮುಖ್ಯಸ್ಥೆಯಂತೆ, ಅವರೇ ಮಕ್ಕಳನ್ನು ಮಾತಾಡಿಸಿ ನೋಡಿ ಸೇರಿಸಿಕೊಳ್ಳುತ್ತಾರಂತೆ ಎಂದು ಕಚೇರಿಯಲ್ಲಿ ಯಾರೋ ಅಂದರು. ಅಷ್ಟು ಸಾಕಾಯಿತು. ಆ ಹೆಂಗಸಿನ ಮುಂದೆ ನನ್ನ ಮಗಳು ನಿಂತು "ಐತ್ರಿ" ಎನ್ನುವುದು, ಆಕೆ ನಗುವುದು ನನ್ನ ಕಣ್ಣಿಗೆ ಕಟ್ಟಿತು.

ಹೆಂಡತಿ ನನ್ನ ಹಳೆಯ ಪ್ಯಾಂಟಿನ ಬಟ್ಟೆಯಿಂದ ಪಾಟಿ, ಬಳಪ ಇಡಲು ಚೀಲ ಹೊಲಿದಳು. ತಾಯಿ ಎರಡು ಹೊಸ ಅಂಗಿಗೆ ಗುಂಡಿ ಹಚ್ಚಿದಳು. ನಾನು ಕಚೇರಿಯಿಂದ ಹಳೆಯ ಆವಕ ಪುಸ್ತಕದ ಖಾಲಿ ಹಾಳೆ ತಂದು ನಡುವೆ ಗೆರೆ ಎಳೆದೆ. ಎಡಗಡೆ ಅವಳು ಆಡುವ ಮಾತು, ಬಲಗಡೆ ಆಡತಕ್ಕ ಮಾತು. ಐತಿ, ಇದೆ. ಸಾಲಿ, ಶಾಲೆ. ಮುಂಜಾನಿ, ಬೆಳಿಗ್ಗೆ. ಉಳ್ಳಾಗಡ್ಡಿ, ಈರುಳ್ಳಿ. ನೀರಡಿಕಿ, ಬಾಯಾರಿಕೆ. ಯಪ್ಪಾ ಎಂಬುದನ್ನು ಹೊಡೆದು ಅಪ್ಪಾಜಿ ಎಂದು ಬರೆದೆ. ಬಾ ಎಂಬುದಕ್ಕೆ ಬನ್ನಿ.

ಮೊದಲ ದಿನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ನಾಳಿಂದ ಸಂತ್ಯಾಗ ಈರುಳ್ಳಿನ ತರ್ರಿ. ನಮ್ಮ ಉಳ್ಳಾಗಡ್ಡಿ ಭಾಳ ನಾರತೈತಿ."

"ನಗಬ್ಯಾಡ," ಎಂದೆ. "ನನಗಾದದ್ದು ಕೂಸಿಗಾಗಬಾರದು."

"ನಿಮಗೇನಾಗೈತ್ರಿ? ಉಂಡು ತಿಂದು ಚಂದಾಗೇ ಅದೀರಿ."

ಸಿಂದಗಿಯಲ್ಲಿ ಏನಾಗಿತ್ತು ಎಂದು ನಾನು ಅವಳಿಗೂ ಹೇಳಿರಲಿಲ್ಲ.

ಮಗಳಿಗೆ ಮೊದಮೊದಲು ಅದು ಆಟವಾಗಿತ್ತು. ನಾನು ಎಡಗಡೆಯದನ್ನು ಓದಿದರೆ ಅವಳು ಬಲಗಡೆಯದನ್ನು ಕೂಗುವುದು. ಆದರೆ ಆಟ ಮುಗಿದ ಮರುಕ್ಷಣವೇ "ಯಪ್ಪಾ, ನನಗ ಹಸಿವಿ ಆಗೈತಿ" ಎನ್ನುತ್ತಿದ್ದಳು. ಒಂದೆರಡು ಸಲ ಬೆರಳಿನಿಂದ ತುಟಿಯ ಮೇಲೆ ಹೊಡೆದೆ. ಅತ್ತಳು. ಮಕ್ಕಳನ್ನು ಹೊಡೆಯದೆ ಕಲಿಸಬೇಕು ಎಂದು ಎಲ್ಲಿಯೋ ಓದಿದ್ದೆ. ಅದಕ್ಕಾಗಿ ಬೇರೆ ಉಪಾಯ ಕಂಡುಕೊಂಡೆ. ಒಂದು ಸಣ್ಣ ಹಿತ್ತಾಳೆ ಲೋಟ ಇಟ್ಟೆ. ತಪ್ಪು ಮಾತು ಬಂದರೆ ಅವಳು ಬಾಯಿ ತುಂಬ ನೀರು ತೆಗೆದುಕೊಂಡು ಗೋಡೆಗೆ ಒರಗಿ ಕೂತುಕೊಳ್ಳಬೇಕು. ನುಂಗಬಾರದು, ಉಗುಳಬಾರದು. ನಾನು ಸಾಕು ಎಂದ ಮೇಲೆ ಉಗುಳಬೇಕು. ಬಾಯಲ್ಲಿ ನೀರಿದ್ದರೆ ತಪ್ಪು ಮಾತು ಬರುವುದಿಲ್ಲ. ಇದು ಬಹಳ ಮೃದುವಾದ ಶಿಕ್ಷೆ ಎಂದು ನಾನು ನಂಬಿದ್ದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ ಎಂದೂ ಇಲ್ಲಿ ಹೇಳಬೇಕು.

ಅವಳ ಕೆನ್ನೆಗಳು ಉಬ್ಬಿ, ಕಣ್ಣುಗಳು ನನ್ನ ಮೇಲೆಯೇ ಇರುತ್ತಿದ್ದವು. ಮೂಗಿನಿಂದ ಉಸಿರಾಡುವ ಸಪ್ಪಳ ಕೇಳಿಸುತ್ತಿತ್ತು. ನಾನು ಪತ್ರಿಕೆ ಓದುತ್ತಾ ಕೆಲವು ಸಲ ಸಾಕು ಎನ್ನುವುದನ್ನು ಮರೆತುಬಿಡುತ್ತಿದ್ದೆ.

ತಾಯಿ ಒಂದು ದಿನ ಲೋಟವನ್ನು ಕಸಿದುಕೊಂಡಳು. "ಲೇ ತಮ್ಮಾ, ಏನ್ ಮಾಡಾಕತ್ತೀ ನೀ? ಕೂಸಿನ ಬಾಯಾಗಿನ ಮಾತು ಕಸ್ಗೋಳಾಕತ್ತೀದಿ."

"ನಿನಗ ತಿಳಿಯಂಗಿಲ್ಲ, ಸುಮ್ನಿರಬೇ. ನಿನ್ನ ಮಾತು ಕೇಳೇ ಅದು ಹಿಂಗಾಗೈತಿ."

"ನನ್ನ ಮಾತು ಹೊಲಸೇನಪಾ? ಇದ ಮಾತ್ನ್ಯಾಗ ನಿನ್ನ ಜ್ವಾಪಾನ ಮಾಡೀನಿ. ಜ್ವರ ಬಂದಾಗ ಇದ ಮಾತ್ನ್ಯಾಗ ನಿನ್ನ ಮಲಗಿಸೀನಿ."

 ನಾನು ಲೋಟವನ್ನು ಮರಳಿ ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟೆ.

ಒಂದೂವರೆ ತಿಂಗಳಲ್ಲಿ ಅವಳು ಬಹುತೇಕ ಎಲ್ಲ ಕಲಿತಳು. ಬಾಯಾರಿಕೆ ಎಂಬ ಒಂದು ಮಾತು ಮಾತ್ರ ಅವಳ ನಾಲಿಗೆಗೆ ಹತ್ತಲಿಲ್ಲ. ಬಾರಾಯಿಕೆ ಎನ್ನುತ್ತಿದ್ದಳು. ತಪ್ಪು ಎಂದರೆ ಹೆದರಿ ನೀರಡಿಕಿ ಎನ್ನುತ್ತಿದ್ದಳು. ಅದಂತೂ ದೊಡ್ಡ ತಪ್ಪು. ಹೀಗೆ ನೀರು ಬೇಕು ಎಂದು ಬಂದ ಕೂಸು ಬಾಯಿ ತುಂಬ ನೀರು ಹಿಡಿದು, ನುಂಗದೆ, ಗೋಡೆಗೆ ಕೂತಿರುತ್ತಿತ್ತು. ಕೊನೆಗೆ ಅವಳು ನನ್ನ ಹತ್ತಿರ ನೀರು ಕೇಳುವುದನ್ನೇ ಬಿಟ್ಟಳು. ನಾನು ಕಚೇರಿಗೆ ಹೋದ ಮೇಲೆ ಆಯಿಯ ಹತ್ತಿರ ಕುಡಿಯುತ್ತಿದ್ದಳಂತೆ. ಮಾತು ಶುರು ಮಾಡುವ ಮೊದಲು ಒಮ್ಮೆ ನನ್ನ ಮುಖ, ಒಮ್ಮೆ ಗೂಡಿನಲ್ಲಿದ್ದ ಲೋಟ ನೋಡುವುದನ್ನೂ ಕಲಿತಳು. ಒಲೆಯ ಜೊತೆ, ಬೆಕ್ಕಿನ ಜೊತೆ ಮಾತು ನಿಂತಿತ್ತು. ಮನೆ ಶಾಂತವಾಗಿದೆ ಎಂದು ನನಗೆ ಸಮಾಧಾನವಾಗಿತ್ತು.

ಬಾಲವಾಡಿ ಶುರುವಾದ ದಿನ ಮಿರಗದ ಮಳೆ, ಜೂನಿನ ಮೊದಲ ಮಳೆ, ಇನ್ನೂ ಬಿದ್ದಿರಲಿಲ್ಲ. ತಗಡಿನ ಮಾಡಿನ ಒಂದು ಹಳೆಯ ಕೋಣೆ, ಹೊರಗೆ ಬೇವಿನ ಗಿಡ, ಬಾಗಿಲಲ್ಲಿ ನೀರಿನ ಮಣ್ಣಿನ ಹರವಿ. ತಾಯಿ ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿಕೊಟ್ಟೆ: "ನಿನ್ನ ಹೆಸರೇನು ಎಂದರೆ ಏನು ಹೇಳುತ್ತೀ? ಮನೆ ಎಲ್ಲಿದೆ ಎಂದರೆ?" ಅವಳು ತಪ್ಪಿಲ್ಲದೆ ಹೇಳಿದಳು. ನನ್ನ ಎದೆ ಉಬ್ಬಿತ್ತು.

ಆ ಅಧಿಕಾರಿಯ ಹೆಂಡತಿ ಬಂದೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಹೊರ್ತಿಯ ಕಡೆಯ ಒಬ್ಬ ಹೆಂಗಸು, ಕಲಿಸುವ ಅಕ್ಕೋರು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಅಳುವ ಒಂದು ಕೂಸನ್ನು ಬಗಲಿಗೆ ಎತ್ತಿಕೊಂಡಿದ್ದರು. ಯಾರನ್ನೂ ಮಾತಾಡಿಸಿ ನೋಡುತ್ತಿರಲಿಲ್ಲ, ಬಂದ ಮಕ್ಕಳನ್ನೆಲ್ಲ ಒಳಗೆ ಕರೆಯುತ್ತಿದ್ದರು.

"ಬಾ ನನ್ನವ್ವಾ, ಬಾ ಬಂಗಾರಿ! ಅಲ್ಲೇ ಯಾಕ ನಿಂತಿ? ನಿನ್ನ ಹೆಸರೇನೈತಿ?"

ಮಗಳು ಬೆಚ್ಚಿ ನನ್ನನ್ನು ನೋಡಿದಳು. ಆ ಮಾತನ್ನು ಅಕ್ಕೋರೇ ಆಡಿದ್ದರು. ಅವಳು ನನ್ನ ಅಂಗಿ ಜಗ್ಗಿ ಮೆಲ್ಲಗೆ ಹೇಳಿದಳು: "ಅಪ್ಪಾಜಿ, ಇವರಿಗೂ ನೀರು ಕೊಡಿ."

"ಏನಂತೈತ್ರಿ ಕೂಸು?" ಅಕ್ಕೋರು ಬಗ್ಗಿದರು. "ನೀರು? ನೀರಡಿಕಿ ಆಗೈತೇನ ನಿನಗ?"

ಮಗಳು ಎರಡೂ ತುಟಿ ಬಿಗಿಹಿಡಿದಳು.

ಆಗ ಒಂದು ಮಾತು ಸಾಕಾಗಿತ್ತು. ಇಲ್ಲಿ ಹೇಗೆ ಬೇಕಾದರೂ ಮಾತಾಡವ್ವಾ, ಅಪ್ಪ ಏನೂ ಅನ್ನುವುದಿಲ್ಲ ಎಂದು ಹೇಳಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಕ್ಕೋರ ಮುಂದೆ ಹಾಗೆ ಹೇಳಿದರೆ ನಾನು ಮನೆಯಲ್ಲಿ ಏನು ಮಾಡುತ್ತಿದ್ದೆ ಎಂದು ಗೊತ್ತಾಗುತ್ತದೆ. ನನಗೆ ನಾಚಿಕೆಯಾಯಿತು.

"ಏನಿಲ್ಲ್ರಿ," ಎಂದೆ. "ನೀರು ಕುಡಿದ ಬಂದೈತ್ರಿ. ಬ್ಯಾಡ."

ಹತ್ತು ಹನ್ನೆರಡು ದಿನ ಹೋದಳು. ಸಂಜೆ ಬಂದು ಆಯಿಯ ತೊಡೆಯ ಮೇಲೆ ಮಲಗುತ್ತಿದ್ದಳು. ಏನು ಕಲಿಸಿದರು ಎಂದು ನಾನು ಕೇಳಿದರೆ "ಚೆನ್ನಾಗಿದೆ" ಎನ್ನುತ್ತಿದ್ದಳು. ಅಕ್ಕೋರು ಒಂದು ದಿನ ದಾರಿಯಲ್ಲಿ ನನ್ನ ಹೆಂಡತಿಯನ್ನು ನಿಲ್ಲಿಸಿ, "ತಂಗಿ, ನಿಮ್ಮ ಕೂಸಿಗೆ ಮಾತು ಬರ್ತಾವಿಲ್ಲೋ?" ಎಂದು ಕೇಳಿದ್ದರಂತೆ. ಹೆಂಡತಿ ಅದನ್ನು ಹೇಳಿದಾಗ ನಾನು, ಹೊಸದಲ್ಲವೇ, ಸರಿಯಾಗುತ್ತದೆ ಎಂದೆ.

ಒಂದು ಮಧ್ಯಾಹ್ನ ಬಾಲವಾಡಿಯ ಕಸ ಗುಡಿಸುವ ಅಜ್ಜಿ ಕಚೇರಿಗೆ ಓಡಿಬಂದಳು. "ಲಗೂನ ಬರ್ರಿ ಯಪ್ಪಾ. ನಿಮ್ಮ ಕೂಸು ಕಣ್ಣು ಮ್ಯಾಲ ಮಾಡೈತಿ."

ಸೈಕಲ್ ತೆಗೆದುಕೊಳ್ಳುವುದೂ ತೋಚದೆ ಓಡಿದೆ. ಮಗಳನ್ನು ಗೋಣಿತಟ್ಟಿನ ಮೇಲೆ ಮಲಗಿಸಿದ್ದರು. ತಲೆಯ ಮೇಲೆ ಒದ್ದೆ ಬಟ್ಟೆ. ತುಟಿಗಳು ಒಣಗಿ ಬಿಳಿಚಿದ್ದವು. ಕಣ್ಣು ತೆರೆದಿದ್ದಳು. ಅಕ್ಕೋರು ಚಮಚದಲ್ಲಿ ಸಕ್ಕರೆ ನೀರು ಹಾಕುತ್ತಿದ್ದರು. 

"ಬಂದಾಗಿಂದ ಇದ ಹಾಡು ನೋಡ್ರಿ," ಎಂದರು. "ಇಂಥಾ ಬಿಸಲಾಗ ಒಮ್ಮಿ ನೀರು ಕೇಳಂಗಿಲ್ಲ. ನಾವಾಗೇ ಕೊಟ್ರ ಬಾಯಾಗ ಹಿಡ್ಕೊಂಡು ಗ್ವಾಡಿಗೆ ಹೋಗಿ ಕುಂದರ್ತೈತಿ. ನುಂಗಂಗಿಲ್ಲ. ಗಲ್ಲ ಉಬ್ಬಿಸ್ಕೊಂಡು ನನ್ನ ಮಾರಿ ನೋಡ್ತೈತಿ. ಆಮ್ಯಾಲ ಹೊರಗ ಹೋಗಿ ಉಗಳಿ ಬರ್ತೈತಿ. ಎಲ್ಲಿ ಕಲ್ತೈತ್ರಿ ಇದು?"

 ಮಗಳು ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ್ರಿ," ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಮನ್ಯಾಗ ನಮ್ಮವ್ವ ಇರ್ತಾಳ್ರಿ. ಏನೇನೋ ಆಟ ಆಡಸ್ತಾಳು."

ಇದನ್ನು ಬರೆಯುವುದಕ್ಕೇ ನಾನು ಈ ಕಾಗದ ಹಿಡಿದು ಕೂತದ್ದು.

ಸಂಜೆಯ ಹೊತ್ತಿಗೆ ಮಗಳು ಚೇತರಿಸಿಕೊಂಡಳು. ಅಕ್ಕೋರೇ ಅವಳನ್ನು ಎತ್ತಿಕೊಂಡು ನನ್ನ ಜೊತೆ ಮನೆಗೆ ಬಂದರು. ಹೊಸ್ತಿಲಲ್ಲಿ ನನ್ನ ತಾಯಿಯ ಕೈಗೆ ಕೂಸನ್ನು ಕೊಡುತ್ತಾ ಹೇಳಿದರು: "ಆಯಿ, ಸಿಟ್ಟಾಗಬ್ಯಾಡ್ರಿ. ಬಾಯಾಗ ನೀರು ಹಿಡಿಸೂ ಆಟ ಕೂಸಿಗೆ ಕಲಿಸಬ್ಯಾಡ್ರಿ. ಇವತ್ತ ಜೀವ ಹೋಗತಿತ್ತು."

ತಾಯಿ ಒಮ್ಮೆ ನನ್ನ ಕಡೆ ನೋಡಿದಳು. ಬಹಳ ಹೊತ್ತಲ್ಲ. ಆಮೇಲೆ ಅಕ್ಕೋರ ಕಡೆ ತಿರುಗಿ, "ಆತವಾ. ನಂದ ತಪ್ಪಾತು. ಇನ್ನೊಮ್ಮೆ ಕಲಸಂಗಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ತನ್ನ ಎರಡು ಸೀರೆ, ಕೂಸಿನ ಎರಡು ಅಂಗಿ ಗಂಟು ಕಟ್ಟಿದಳು. "ಮಸೂತಿಗೆ ಹೊಂಟೀನಿ. ಕೂಸಿನ್ನೂ ಕರ್ಕೊಂಡ ಹೊಂಟೀನಿ. ಮಾತು ಬಂದ ಮ್ಯಾಲ ನೋಡೂಣು." ಹೆಂಡತಿ ಅತ್ತಳು, ಬೇಡ ಎನ್ನಲಿಲ್ಲ. ನಾನು ಬಸ್ ನಿಲ್ದಾಣದ ತನಕ ಗಂಟು ಹೊತ್ತುಕೊಂಡು ಹೋದೆ.  ತಾಯಿ ದಾರಿಯಲ್ಲಿ ಅಕ್ಕೋರ ಮಾತನ್ನು ಎತ್ತಲಿಲ್ಲ. ಸಾಯುವ ತನಕ ಎತ್ತಲಿಲ್ಲ. ನಾನೂ ಕ್ಷಮಿಸು ಎನ್ನಲಿಲ್ಲ.

ನಡುವೆ ಹೆಂಡತಿ ಎರಡು ಸಲ ಹೋಗಿ ಬಂದಳು. ಕೂಸು ಮೈ ತುಂಬಿಕೊಂಡಿದೆ, ಮೊದಲಿನ ಹಾಗೆ ಮಾತಾಡುತ್ತದೆ ಎಂದಳು. ನಾನು ಗೆರೆ ಎಳೆದ ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ದೀಪಾವಳಿ ಕಳೆದ ಮೇಲೆ ಕರೆತರಲು ನಾನೇ ಹೋದೆ.

ಓಣಿಯ ತಿರುವಿನಲ್ಲೇ ಅವಳ ದನಿ ಕೇಳಿಸಿತು. ನಮ್ಮ ಮನೆಯ ಗೋಡೆಯ ಆಚೆ ಯಾವುದೋ ಆಡಿನ ಮರಿಯನ್ನು ಬೈಯುತ್ತಿದ್ದಳು: "ಏ ಭಾಡ್ಯಾ, ಎಷ್ಟ ತಿಂತೀ? ಹೊಟ್ಟಿ ಐತೋ ಜ್ವಾಳದ ಹಗೇವು ಐತೋ ನಿಂದು? ಆಯೀ, ಇದರ ಹೊಟ್ಟಿ ಮುಟ್ಟಿ ನೋಡ ಬಾ!" ನನ್ನ ತಾಯಿ ನಗುತ್ತಿದ್ದಳು. ನಾನು ಗೋಡೆಗೆ ಕೈಯಿಟ್ಟು ನಿಂತೆ. ಉಳಿಯಿತು, ಏನೂ ಹೋಗಿಲ್ಲ ಎಂದು ಕಣ್ಣಲ್ಲಿ ನೀರು ಬಂತು. ಬಾಗಿಲು ದೂಡಿ ಒಳಗೆ ಹೋದೆ.

ಅವಳು ನನ್ನನ್ನು ನೋಡಿದಳು. ಮರಿಯ ಹಗ್ಗ ಬಿಟ್ಟು ಎದ್ದು ನಿಂತಳು. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ಹೇಳಿದಳು:

"ಬನ್ನಿ ಅಪ್ಪಾಜಿ. ಕುಳಿತುಕೊಳ್ಳಿ. ಬಾಯಾರಿಕೆ ಆಗಿದೆಯೇ?"

ಆ ಮಾತು ಒಂದಕ್ಷರ ತಪ್ಪದೆ ಬಂತು. ಆ ಐದು ತಿಂಗಳು ಅದನ್ನು ಯಾರ ಮುಂದೆ, ಎಷ್ಟು ಸಲ ಹೇಳಿ ನೋಡಿಕೊಂಡಿದ್ದಳೋ ನನಗೆ ತಿಳಿಯದು.

ತಾಯಿ ಮರಿಯ ಹಗ್ಗ ಎತ್ತಿಕೊಂಡಳು. "ಎಲ್ಲಾ ನೆನಪಿಟ್ಟಾಳ ನೋಡಪಾ," ಎಂದಳು. "ಒಂದೂ ಮರತಿಲ್ಲ."

ಆಮೇಲೆ ನಾನು ಎಷ್ಟು ಪ್ರಯತ್ನ ಮಾಡಲಿಲ್ಲ! ಬೇಕೆಂದೇ ಅವಳ ಜೊತೆ ಐತಿ, ಹೊಂಟೀನಿ ಎಂದು ಮಾತಾಡಿದೆ. ಅವಳು ಇದೆ, ಹೊರಟಿದ್ದೇನೆ ಎಂದು ಉತ್ತರ ಕೊಟ್ಟಳು. ತನ್ನ ಅವ್ವನ ಜೊತೆ, ಗೆಳತಿಯರ ಜೊತೆ ಜಗಳ, ನಗು ಎಲ್ಲ ಇತ್ತು. ನಾನು ಒಳಗೆ ಕಾಲಿಟ್ಟರೆ ಅದು ನಿಲ್ಲುತ್ತಿತ್ತು. ಹೈಸ್ಕೂಲಿನಲ್ಲಿ ಭಾಷಣಕ್ಕೆ ಬಹುಮಾನ ಬಂದಾಗ ಮಾಸ್ತರು ನನ್ನ ಕೈ ಕುಲುಕಿದರು. ಮದುವೆಯಾಗಿ ಹೋಗುವಾಗ ಅವ್ವನನ್ನು ತಬ್ಬಿಕೊಂಡು, "ಯವ್ವಾ, ನಿನ್ನ ಬಿಟ್ಟು ಹೆಂಗಿರ್ಲೇ" ಎಂದು ಅತ್ತಳು. ನನ್ನ ಕಾಲು ಮುಟ್ಟಿ, "ಹೋಗಿ ಬರುತ್ತೇನೆ ಅಪ್ಪಾಜಿ" ಎಂದಳು.

ಹೆಂಡತಿ ಹೋದ ಮೇಲೆ ಮಗಳು ನನ್ನನ್ನು ಮುದ್ದೇಬಿಹಾಳಕ್ಕೆ ಕರೆದುಕೊಂಡು ಬಂದಳು. ಅವಳದು ಕುಪ್ಪಸದ ಬಟ್ಟೆಯ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಯಾವುದಕ್ಕೂ ಕೊರತೆಯಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಯವ್ವಾ, ನನ್ನ ಜೋಡಿನೂ ಹಂಗ ಮಾತಾಡವಾ. ಎಲ್ಲಾರ ಜೋಡಿ ಮಾತಾಡಿದಂಗ. ಒಮ್ಮಿ ಯಪ್ಪಾ ಅನ್ನು."

ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. ಬಾಯಿ ತೆರೆದಳು. ತುಟಿ ಅಲುಗಿದ್ದನ್ನು ನಾನು ನೋಡಿದೆ. ಏನೂ ಬರಲಿಲ್ಲ. ಅವಳ ಕಣ್ಣು ಒಮ್ಮೆ ನನ್ನ ಮುಖಕ್ಕೆ, ಒಮ್ಮೆ ಗೋಡೆಯ ಗೂಡಿಗೆ ಹೋಗಿ ಬಂತು. ಆ ಗೂಡಿನಲ್ಲಿ ದೇವರ ಫೋಟೋ ಬಿಟ್ಟು ಬೇರೇನೂ ಇಲ್ಲ.

"ಆಗುವುದಿಲ್ಲ ಅಪ್ಪಾಜಿ," ಎಂದಳು. "ಏಕೋ ನಿಮ್ಮ ಮುಂದೆ ಬಾಯಿಗೆ ಬರುವುದಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನನಗೆ ಒಂದು ದಾರಿಯಾದರೂ ಇರುತ್ತಿತ್ತು.

ಈಗ ನಾನು ಮಧ್ಯಾಹ್ನ ಒಳಮನೆಯಲ್ಲಿ ಮಲಗುವುದಿಲ್ಲ. ಅಂಗಡಿಗೂ ಮನೆಗೂ ನಡುವೆ ಒಂದು ಪರದೆ ಇದೆ. ಅದರ ಹಿಂದೆ, ಅವಳಿಗೆ ಕಾಣದ ಕಡೆ, ಒಂದು ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಹೊರಗೆ ಅವಳು ಗಿರಾಕಿಗಳ ಜೊತೆ ಮಾತಾಡುತ್ತಿರುತ್ತಾಳೆ. "ಏ ಯಕ್ಕಾ, ನಿನ್ನ ಬಣ್ಣಕ್ಕ ಇದು ಹೊಂದಂಗಿಲ್ಲ, ಆ ಹಸರು ತಗೋ! ಗಂಡ ಬೈದ್ರ ನನ್ನ ಕಡೆ ಕಳಸ ಅವನ್ನ, ನಾ ನೋಡ್ಕೋತೇನಿ." ಹೆಂಗಸರು ನಗುತ್ತಾರೆ. ದನಿ ನನ್ನ ತಾಯಿಯದೇ.

ಕೆಮ್ಮು ಬಂದರೆ ಬಾಯಿಗೆ ಟವೆಲ್ ಒತ್ತಿಕೊಳ್ಳುತ್ತೇನೆ. ನಾನಿಲ್ಲಿರುವುದು ಗೊತ್ತಾದರೆ ಅವಳ ಮಾತು ನಿಂತುಬಿಡುತ್ತದೆ.